ಉಗುರುಸುತ್ತು ಅಂದ್ಕೊಂಡು ಎರಡು ತಿಂಗಳು ಹೋಯ್ತು: ಮಂಜೇಶ್ವರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಪೆರ್ಲ ಕಡೆಯವ, ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡಿಗ. ರಸ್ತೆ, ಕರೆಂಟಿನ ವಿಷ್ಯ ಅಲ್ಲ, ಅದು ನಿಮಗೆ ದಿನಾ ಬರ್ತಾ ಇರ್ತದೆ. ಇದು ನನ್ನ ಸೋದರಮಾವನ ಹೆಬ್ಬೆರಳಿನ ವಿಷ್ಯ.

ಮಾವನಿಗೆ ಬಲಗೈ ಹೆಬ್ಬೆರಳಿನ ತುದಿ ಬಾತು ಕೆಂಪಾಯ್ತು, ಅಡಿಕೆ ಸುಲಿಯುವಾಗ ಏನೋ ಚುಚ್ಚಿರ್ಬೇಕು ಅಂತ ಎಲ್ಲ್ರೂ ಅಂದ್ಕೊಂಡ್ವಿ, ಅತ್ತೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳು ಸಿಕ್ಕಿಸಿದ್ರು, ಆಮೇಲೆ ಆಸ್ಪತ್ರೆ, ಮಾತ್ರೆ, ಒಂದ್ಸಲ ಕೊಯ್ದೂ ನೋಡಿದ್ರು, ಕೀವೇ ಬರ್ಲಿಲ್ಲ. ಕೀವಿಲ್ಲದ ಉಗುರುಸುತ್ತು ಎಂಥದು ಅಂತ ಆಗ್ಲೇ ಕೇಳ್ಬೇಕಿತ್ತು ನಾವು. ಕೆಮ್ಮು ಉಂಟಾ ಅಂತ ಯಾರೂ ಕೇಳ್ಲಿಲ್ಲ, ಕೇಳಿದ್ರೂ ಮಲಯಾಳದಲ್ಲಿ ಕೆಮ್ಮಿಗೆ 'ಚುಮ' ಅಂದ್ರೆ ಮಾವನಿಗೆ ಗೊತ್ತಾಗ್ತಿತ್ತೋ ಇಲ್ವೋ. ನಲ್ವತ್ತು ವರ್ಷದ ಬೀಡಿ ಮನುಷ್ಯ ಅವರು.

ಎರಡು ತಿಂಗಳಾದ ಮೇಲೆ ಮಂಗಳೂರಿಗೆ ಕರ್ಕೊಂಡು ಹೋದ್ವಿ. ಎಕ್ಸ್‌ರೇಯಲ್ಲಿ ಬೆರಳ ತುದಿಯ ಮೂಳೆ ಅರ್ಧ ಇರ್ಲೇ ಇಲ್ಲ, ಗೆದ್ದಲು ತಿಂದ ಹಾಗೆ. ಡಾಕ್ಟ್ರು ತಕ್ಷಣ ಎದೆಯ ಎಕ್ಸ್‌ರೇ ತೆಗ್ಸಿದ್ರು, ಶ್ವಾಸಕೋಶದಲ್ಲಿ ಗಡ್ಡೆ. ಬಯಾಪ್ಸಿಯಲ್ಲಿ ಬೆರಳಲ್ಲಿ ಇದ್ದದ್ದೂ ಅದೇ ಕ್ಯಾನ್ಸರ್.

ಶ್ವಾಸಕೋಶದ್ದು ಮೂಳೆಗೆ ಹರಡೋದು ಹೊಸತಲ್ವಂತೆ, ಆದ್ರೆ ಅದು ಬೆನ್ನು, ಪಕ್ಕೆಲುಬು, ಸೊಂಟದ ಮೂಳೆಗೆ, ಯಾಕಂದ್ರೆ ಅಲ್ಲಿ ರಕ್ತ ಹುಟ್ಟುವ ಕೆಂಪು ಮಜ್ಜೆ ಜಾಸ್ತಿ. ಕೈಯ ಮೂಳೆಯಲ್ಲಿ ಅದು ತೀರ ಕಡ್ಮೆ, ಹಾಗಾಗಿ ಮೂಳೆಗೆ ಹರಡಿದ ಸಾವಿರ ಕೇಸಲ್ಲಿ ಕೈಗೆ ಬರೋದು ಒಂದರಷ್ಟೇ. ಬಂದ್ರೆ ಹೆಚ್ಚಾಗಿ ಬೆರಳ ತುದಿಗೇ, ಹೆಚ್ಚಾಗಿ ಶ್ವಾಸಕೋಶದಿಂದಲೇ. ನೋಡ್ಲಿಕ್ಕೆ ಉಗುರುಸುತ್ತೋ ಗೌಟೋ (ಗಂಟು ಬಾತು ನೋಯುವ ಕಾಯಿಲೆ) ಅನ್ನೋ ಹಾಗೇ ಇರ್ತದೆ, ಹಾಗಾಗಿ ಮೊದ್ಲು ನೋಡಿದ ಡಾಕ್ಟ್ರನ್ನ ನಾನು ಬೈಯೋದಿಲ್ಲ. ನನ್ನ ಸಿಟ್ಟು ಎಕ್ಸ್‌ರೇಗೋಸ್ಕರ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗ್ಬೇಕಲ್ಲ ಅದರ ಮೇಲೆ. 2020ರಲ್ಲಿ ಕೊರೋನಾ ಅಂತ ಕರ್ನಾಟಕ ಆ ಗೇಟು ಹಾಕಿದಾಗ ನಮ್ಮ ರೋಗಿಗಳು ಮಂಗಳೂರು ತಲುಪದೆ ಸತ್ತದ್ದನ್ನು ನಿಮಗೆ ನಾನು ಹೇಳ್ಬೇಕಾ?

ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ನಮ್ಮನೆಯಿಂದ ಕೂಗಳತೆ ಮಾರಾಯ್ರೆ. ದೊಡ್ಡದು ಪೂರ್ತಿ ಆದಾಗ ಆಗ್ಲಿ, ಸದ್ಯ ನಮ್ಮ ಪಂಚಾಯ್ತಿಗಳ ಆರೋಗ್ಯ ಕೇಂದ್ರಕ್ಕೆ ಒಂದು ಎಕ್ಸ್‌ರೇ, ಅದನ್ನು ನಡ್ಸುವ ಒಬ್ಬ ಜನ ಕೊಡ್ಸಿ. ಜೊತೆಗೆ ಹೊರರೋಗಿಗಳನ್ನು ನೋಡುವ ಓಪಿ ಎದುರು ಕನ್ನಡದಲ್ಲಿ ಒಂದು ಬೋರ್ಡು: ಬೆರಳ ಬಾವು ಮಾತ್ರೆಗೆ ಎರಡು ವಾರದಲ್ಲಿ ಇಳೀದಿದ್ರೆ ಎಕ್ಸ್‌ರೇ ಕೇಳಿ, ಬೀಡಿ ಸಿಗರೇಟಿನವರು ಕೆಮ್ಮನ್ನೂ ಹೇಳಿ.

ಮಾವನ ಬೆರಳ ತುದಿ ತೆಗ್ದಾಯ್ತು, ನೋವು ಹೋಗಿ ರಾತ್ರಿ ನಿದ್ದೆ ಬರ್ತದೆ, ಅಷ್ಟೇ. ಎರಡು ತಿಂಗಳು ಮುಂಚೆ ಸಿಕ್ಕಿದ್ರೆ ಬದುಕ್ತಿದ್ರು ಅಂತ ನಾನು ಹೇಳೋದಿಲ್ಲ, ಅಷ್ಟರಲ್ಲೇ ಹರಡಿ ಆಗಿತ್ತು, ಆದ್ರೆ ಆ ಎರಡು ತಿಂಗಳು ಅವರು ಕೈಯನ್ನು ತಲೆ ಮೇಲೆ ಎತ್ತಿ ಹಿಡ್ಕೊಂಡು ಕೂತೇ ಬೆಳಗು ಮಾಡಿದ್ರು.

ಬೋರ್ಡಿನ ಪೈಂಟಿನ ಖರ್ಚು ನಾವು ಊರವರು ಹಾಕ್ತೇವೆ. ಮೆಷಿನ್ ಮಾತ್ರ ನಿಮ್ಮ ಫಂಡಿಂದ ಬರ್ಬೇಕು.

ಇಂತಿ,
ಪೆರ್ಲ ಕಡೆಯ ನಿಮ್ಮ ಒಬ್ಬ ಮತದಾರ