ವಾಟರ್ ಪಂಪ್ ಬದಲಿಸುವುದನ್ನು ಕನ್ನಡದಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಯಾವ ಹೊಸ ಕಾರು ಬಂತು, ಮೈಲೇಜ್ ಎಷ್ಟು, ಸನ್‌ರೂಫ್ ಇದೆಯೋ ಇಲ್ಲವೋ ಎಲ್ಲ ಬರುತ್ತೆ. ಹತ್ತು ಹದಿನೈದು ವರ್ಷದ ಹಳೇ ಕಾರು ಇಟ್ಟುಕೊಂಡವರಿಗೆ ಬೇಕಾದ್ದು ಮಾತ್ರ ಬರೋದು ಕಡಿಮೆ. ಇಂಜಿನ್ ಹೀಟ್ ಆಗ್ತಿದೆ, ಕೂಲೆಂಟ್ ಕಡಿಮೆ ಆಗ್ತಿದೆ ಅಂತ ಯಾರಾದರೂ ಕೇಳಿದರೆ ‘ಸರ್ವಿಸ್ ಸೆಂಟರ್‌ಗೆ ತೋರಿಸಿ’ ಅನ್ನುವ ಒಂದು ಸಾಲಿನ ಉತ್ತರ. ಅಷ್ಟು ಸಾಲದು ಅಂತ ಹೇಳೋಕೆ ಈ ಪತ್ರ. ವಾಟರ್ ಪಂಪನ್ನೇ ತಗೊಳ್ಳಿ. ಎಷ್ಟೋ ಕಾರುಗಳಲ್ಲಿ ಅದನ್ನು ಮನೆ ಮುಂದೆಯೇ ಬದಲಿಸಬಹುದು. ನಮ್ಮ ವ್ಯಾಗನ್ ಆರ್‌ಗೆ ನಾನೇ ಹಾಕಿದ್ದೇನೆ, ಚೆನ್ನಾಗಿ ಓಡುತ್ತಿದೆ.

ಪಂಪ್ ಏನು ಮಾಡುತ್ತೆ ಅಂತ ರೈತರಿಗೆ ಹೇಳಿಕೊಡಬೇಕಾಗಿಲ್ಲ, ಬೋರ್‌ವೆಲ್ ಮೋಟಾರ್ ಬಿಚ್ಚಿ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ನೋಡಿದವರಿಗೆ ಇದೂ ಅದರ ಮರಿಯ ಹಾಗೆ ಕಾಣುತ್ತೆ. ಒಂದು ಶಾಫ್ಟ್, ಹೊರಗಿನ ತುದಿಗೆ ಬೆಲ್ಟಿನಿಂದ ತಿರುಗುವ ಪುಲ್ಲಿ, ಒಳಗಿನ ತುದಿಗೆ ಇಂಪೆಲ್ಲರ್, ಮಧ್ಯೆ ಬೇರಿಂಗ್ ಮತ್ತು ಸೀಲ್. ಇಂಜಿನ್ ಒಳಗಿನ ಬಿಸಿ ಕೂಲೆಂಟ್ ರೇಡಿಯೇಟರ್‌ಗೆ ಹೋಗಿ, ತಣ್ಣಗಾಗಿ ವಾಪಸ್ ಬರುವಂತೆ ಇದು ತಿರುಗಿಸುತ್ತಲೇ ಇರುತ್ತೆ. ಸೀಲ್ ಸವೆದರೆ ಕೂಲೆಂಟ್ ಬೇರಿಂಗ್‌ಗೆ ನುಗ್ಗಿ ಅದನ್ನು ಹಾಳು ಮಾಡಬಾರದು ಅಂತ ಪಂಪ್‌ನ ಮೈಗೆ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಸೀಲ್ ಹೋಗಿದ್ದರೆ ಅಲ್ಲಿಂದ ತೊಟ್ಟಿಕ್ಕುತ್ತೆ. ಒಣಗಿದ ಮೇಲೆ ಹಸಿರೋ ಕೆಂಪೋ ಬಣ್ಣದ ಕರೆ ಉಳಿಯುತ್ತೆ. ಟಾರ್ಚ್ ಹಿಡಿದು ನೋಡಿದರೆ ಸಾಕು, ಅರ್ಧ ರೋಗ ಗೊತ್ತಾಯಿತು. ಇನ್ನರ್ಧಕ್ಕೆ ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಲ್ಲಿ ಅಲ್ಲಾಡಿಸಿ. ಆಡಿದರೆ ಅಥವಾ ತಿರುಗಿಸುವಾಗ ಗರಗರ ಅಂದರೆ ಬೇರಿಂಗ್ ಹೋಗಿದೆ.

ಇಷ್ಟು ಗೊತ್ತಿಲ್ಲದೆ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಒಂದು ಗ್ಯಾರೇಜಿನಲ್ಲಿ ನನಗೆ ರೇಡಿಯೇಟರ್ ಹೋಗಿದೆ, ಹೊಸದು ಹಾಕಬೇಕು ಅಂದರು. ಸೋರುತ್ತಿದ್ದದ್ದು ಇದೇ ತೂತಿನಿಂದ. ಇನ್ನು ಕೆಲವರು ಆ ತೂತಿಗೆ ಎಂ-ಸೀಲ್ ಮೆತ್ತುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೊರಗೆ ಬರುವ ನೀರು ನಿಂತರೆ ಅದು ಬೇರಿಂಗ್ ಒಳಗೆ ಹೋಗುತ್ತೆ, ಬೇರಿಂಗ್ ಹಿಡಿದುಕೊಂಡರೆ ಬೆಲ್ಟ್ ಹರಿಯುತ್ತೆ, ಅದೂ ಶಿರಾಡಿ ಘಾಟಿಯಲ್ಲೋ ಚಾರ್ಮಾಡಿಯಲ್ಲೋ ಏರುವಾಗ ಆದರೆ ಹಿಂದೆ ಲಾರಿಗಳ ಸಾಲು, ಪಕ್ಕದಲ್ಲಿ ನಿಲ್ಲಿಸೋಕೆ ಜಾಗ ಇಲ್ಲ. ಹೀಟ್ ಆದ ಇಂಜಿನ್ ಮೇಲೆ ಹಳ್ಳದ ತಣ್ಣೀರು ಸುರಿಯುವವರನ್ನೂ ಘಾಟಿಯಲ್ಲಿ ನೋಡಿದ್ದೇನೆ. ಈಗಿನ ಇಂಜಿನ್‌ಗಳ ಹೆಡ್ (ಮೇಲ್ಭಾಗ) ಅಲ್ಯೂಮಿನಿಯಂ. ಅತಿಯಾಗಿ ಕಾದರೆ, ಕಾದದ್ದು ಒಮ್ಮೆಲೇ ತಣ್ಣಗಾದರೆ ಬಾಗುತ್ತೆ, ಅದರ ಕೆಳಗೆ ಸೋರದಂತೆ ಕೂರಿಸಿದ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಪಂಪ್ ಖರ್ಚು ಅದರ ಮುಂದೆ ಏನೂ ಅಲ್ಲ.

ಮನೆಯಲ್ಲಿ ಮಾಡಬಹುದು ಅಂದೆ. ಎಲ್ಲ ಕಾರಿಗೂ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಹಳೇ ಅಂಬಾಸಡರ್‌ನಲ್ಲಿ ಪಂಪ್ ಇಂಜಿನ್ ಮುಂದೆಯೇ ಇತ್ತು, ಫ್ಯಾನ್ ಕೂಡ ಅದರ ಪುಲ್ಲಿಗೇ ಕೂತಿತ್ತು. ಬೇರೆ ಏನನ್ನೂ ಹೆಚ್ಚು ಬಿಚ್ಚಬೇಕಿರಲಿಲ್ಲ. ಮಾರುತಿ 800ರಲ್ಲಿ ಪಂಪ್‌ಗೆ ಬೆಲ್ಟ್ ಹೊರಗಡೆಯದೇ, ಆದರೆ ಪಂಪ್ ಕೂತಿರುವುದು ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಹಲ್ಲಿನ ಬೆಲ್ಟ್) ಹಿಂದೆ. ಅಂದರೆ ಟೈಮಿಂಗ್ ಬೆಲ್ಟ್ ಬಿಚ್ಚದೆ ಅದು ಕೈಗೆ ಬರಲ್ಲ. ಟೈಮಿಂಗ್ ಒಂದು ಹಲ್ಲು ಆಚೀಚೆ ಆದರೂ ಇಂಜಿನ್ ಸರಿಯಾಗಿ ಓಡಲ್ಲ, ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಹೊಡೆದು ದೊಡ್ಡ ನಷ್ಟವೇ ಆಗುತ್ತೆ. ಅಂಥ ಕಾರು ಇದ್ದವರು ಮೆಕ್ಯಾನಿಕ್ ಹತ್ತಿರ ಹೋಗಿ, ಬೆಲ್ಟ್ ಮತ್ತು ಪಂಪ್ ಎರಡನ್ನೂ ಒಟ್ಟಿಗೆ ಹಾಕಿಸಿ. 2010ರ ನಂತರ ವ್ಯಾಗನ್ ಆರ್, ಸ್ವಿಫ್ಟ್‌ಗಳಿಗೆ ಬಂದ ಕೆ ಸೀರೀಸ್ ಪೆಟ್ರೋಲ್ ಇಂಜಿನ್‌ಗಳ ಕಥೆ ಬೇರೆ. ಅವುಗಳಿಗೆ ಟೈಮಿಂಗ್ ಚೈನ್ ಒಳಗಿದೆ, ಪಂಪ್ ಹೊರಗಿದೆ. ನಾನು ಧೈರ್ಯ ಮಾಡಿದ್ದು ಅದಕ್ಕೇ.

ಕೆಲಸ ಶುರು ಮಾಡುವ ಮೊದಲು ಇಂಜಿನ್ ಪೂರ್ತಿ ತಣ್ಣಗಾಗಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೈ ಹಾಕುವುದು ಒಳ್ಳೇದು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, 100 ಡಿಗ್ರಿ ದಾಟಿದ ಕೂಲೆಂಟ್ ಕುದಿದು ಮುಖಕ್ಕೆ ಹಾರುತ್ತೆ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಚಕ್ರ ಬಿಚ್ಚಬೇಕಾದರೆ ಕಾರಿನ ಜೊತೆ ಬಂದ ಜಾಕ್ ಒಂದನ್ನೇ ನಂಬಬೇಡಿ, ಜಾಕ್ ಸ್ಟ್ಯಾಂಡ್ ಕೊಡಿ. ಹಾಲೋ ಬ್ಲಾಕ್, ಇಟ್ಟಿಗೆ ಇಟ್ಟು ಕೆಳಗೆ ನುಗ್ಗುವವರಿದ್ದಾರೆ. ಬ್ಲಾಕ್ ಒಡೆಯುವ ಮೊದಲು ಹೇಳಿ ಒಡೆಯಲ್ಲ.

ಒಂದು ವಿಷಯ ಯಾರೂ ಹೇಳಿಕೊಡಲ್ಲ. ಪುಲ್ಲಿಯ ಬೋಲ್ಟ್‌ಗಳನ್ನು ಬೆಲ್ಟ್ ಇನ್ನೂ ಬಿಗಿಯಾಗಿರುವಾಗಲೇ ಸ್ವಲ್ಪ ಸಡಿಲ ಮಾಡಿಕೊಳ್ಳಬೇಕು. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಸುಮ್ನೆ ತಿರುಗುತ್ತಾ ಹೋಗುತ್ತೆ, ಬೋಲ್ಟ್ ಬಿಡಲ್ಲ. ಆಮೇಲೆ ರೇಡಿಯೇಟರ್ ಕೆಳಗೆ ಅಗಲವಾದ ಬೋಗುಣಿ ಇಟ್ಟು ಕೂಲೆಂಟ್ ಇಳಿಸಿ. ಪಂಪ್ ಕಳಚುವಾಗ ಇಂಜಿನ್ ಒಳಗೆ ಉಳಿದದ್ದು ಮತ್ತೊಮ್ಮೆ ಸುರಿಯುತ್ತೆ, ಅದಕ್ಕೂ ಪಾತ್ರೆ ಬೇಕು. ಬೋಲ್ಟ್‌ಗಳು ಒಂದೇ ಉದ್ದ ಇರಲ್ಲ. ರಟ್ಟಿನ ಮೇಲೆ ಪಂಪ್‌ನ ಚಿತ್ರ ಬರೆದು, ಯಾವ ತೂತಿನ ಬೋಲ್ಟ್ ಅಲ್ಲಿಗೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂನ ಮರೆ (ಥ್ರೆಡ್) ಕಿತ್ತು ಬರುತ್ತೆ.

ಜಾಸ್ತಿ ಹೊತ್ತು ಹಿಡಿಯುವುದು ಪಂಪ್ ಮತ್ತು ಇಂಜಿನ್ ಮಧ್ಯದ ಹಳೇ ಗ್ಯಾಸ್ಕೆಟ್ ಕೆರೆಯುವುದು. ಇಲ್ಲಿ ಅವಸರ ಮಾಡಿದರೆ ಹೊಸ ಪಂಪ್ ಕೂಡ ಸೋರುತ್ತೆ. ಉಳಿದ ಚೂರೆಲ್ಲ ಹೋಗಬೇಕು, ಆದರೆ ಇಂಜಿನ್ ಮೈಗೆ ಗೀರು ಬೀಳಬಾರದು. ಸ್ಕ್ರೂ ಡ್ರೈವರ್ ಬೇಡ, ಪ್ಲಾಸ್ಟಿಕ್ ಸ್ಕ್ರೇಪರ್ ಒಳ್ಳೇದು. ಕೊನೆಗೆ ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು. ಕೆಲವು ಪಂಪ್‌ಗೆ ಪೇಪರ್ ಗ್ಯಾಸ್ಕೆಟ್, ಕೆಲವಕ್ಕೆ ರಬ್ಬರ್ ರಿಂಗ್ ಬರುತ್ತೆ. ಸೋರದಂತೆ ಗ್ಯಾಸ್ಕೆಟ್ ಗಮ್ ಹಚ್ಚಲೇಬೇಕಾದ ಪಂಪ್ ಆದರೆ ತೆಳುವಾಗಿ ಹಚ್ಚಿ. ದಪ್ಪಗೆ ಬಳಿದರೆ ಒಳಗಡೆ ಉಬ್ಬಿದ ಗಮ್ ಕಿತ್ತು ಹೋಗಿ ರೇಡಿಯೇಟರ್‌ನ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತೆ. ಬೋಲ್ಟ್‌ಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. 10ನೇ ನಂಬರ್ ಸ್ಪ್ಯಾನರ್ ಹಿಡಿಯುವ 6 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು. ಅದು ಮಣಿಕಟ್ಟಿನ ಬಲ, ತೋಳಿನ ಬಲ ಅಲ್ಲ. ಬೆಲ್ಟ್ ಕೂಡ ಅಷ್ಟೇ, ವಿಪರೀತ ಬಿಗಿ ಮಾಡಿದರೆ ಹೊಸ ಬೇರಿಂಗ್ ಬೇಗ ಹೋಗುತ್ತೆ.

ಇಷ್ಟಾದ ಮೇಲೆ ಕೂಲೆಂಟ್ ತುಂಬಿ ಕ್ಯಾಪ್ ಹಾಕಿದರೆ ಮುಗೀತು ಅಂದುಕೊಳ್ಳುತ್ತಾರೆ. ಒಳಗೆ ಗಾಳಿ ಉಳಿದಿರುತ್ತೆ ಅಲ್ವಾ? ಆ ಗಾಳಿ ಹೊರಗೆ ಬರದಿದ್ದರೆ ಹೊಸ ಪಂಪ್ ಹಾಕಿದ ಕಾರು ಮತ್ತೆ ಹೀಟ್ ಆಗುತ್ತೆ, ಪಂಪ್ ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳ ಶುರುವಾಗುತ್ತೆ. ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಇಂಜಿನ್ ಸ್ಟಾರ್ಟ್ ಮಾಡಿ, ಹೀಟರನ್ನು ಪೂರ್ತಿ ಬಿಸಿ ಕಡೆಗೆ ತಿರುಗಿಸಿ. ಗುಳ್ಳೆ ಬರುತ್ತಾ ಮಟ್ಟ ಇಳಿಯುತ್ತೆ, ಮತ್ತೆ ತುಂಬಿ. ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟ್‌ಗೆ ದಾರಿ ಬಿಡುವ ವಾಲ್ವ್) ತೆರೆದಾಗ ರೇಡಿಯೇಟರ್ ಮೇಲಿನ ಹೋಸ್ ಬಿಸಿ ಆಗುತ್ತೆ, ಅದು ಕೈಗೆ ಗೊತ್ತಾಗುತ್ತೆ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಮರುದಿನ ಬೆಳಿಗ್ಗೆ ಮಟ್ಟ ನೋಡಿ.

ತುಂಬುವುದು ಏನನ್ನು ಅನ್ನೋದೂ ಮುಖ್ಯ. ನಮ್ಮ ತುಮಕೂರು, ಕೋಲಾರ, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ನೋಡಿದವರಿಗೆಲ್ಲ ಗೊತ್ತು. ಅದೇ ಬಿಳಿ ಪದರ ರೇಡಿಯೇಟರ್ ಒಳಗೂ ಕಟ್ಟುತ್ತೆ, ತುಕ್ಕು ಹಿಡಿಸುತ್ತೆ. ಕೂಲೆಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಬೆರೆಸಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ಡಬ್ಬಿಯ ಮೇಲೆ ಬೆರೆಸಿಯೇ ಕೊಟ್ಟಿದ್ದೇವೆ ಅಂತ ಬರೆದಿದ್ದರೆ ಮತ್ತೆ ನೀರು ಬೇಡ.

ಇಳಿಸಿದ ಹಳೇ ಕೂಲೆಂಟ್ ಬಗ್ಗೆ ನನಗೆ ನಿಜಕ್ಕೂ ಆತಂಕ ಇದೆ. ಅದರಲ್ಲಿರುವ ಇಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ಬೀದಿ ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಮಕ್ಕಳಿಗೂ ಅಪಾಯ. ಎಷ್ಟೋ ಗ್ಯಾರೇಜುಗಳ ಮುಂದೆ ಅದು ನೇರ ಮೋರಿಗೆ ಹರಿಯುವುದನ್ನು ಕಾಣುತ್ತೇವೆ. ಮನೆಯಲ್ಲಿ ಕೆಲಸ ಮಾಡುವವರು ಅದನ್ನು ಬೋಗುಣಿಯಲ್ಲಿ ತೆರೆದಿಟ್ಟು ಊಟಕ್ಕೆ ಹೋಗಬೇಡಿ. ಕ್ಯಾನ್‌ಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ‘ವಿಷ’ ಅಂತ ಬರೆದು, ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಇದೆಲ್ಲ ಮೆಕ್ಯಾನಿಕ್‌ಗಳ ಹೊಟ್ಟೆ ಮೇಲೆ ಹೊಡೆಯುವ ಮಾತು ಅಂತ ಯಾರೂ ತಿಳಿಯಬಾರದು. ಒಳ್ಳೇ ಮೆಕ್ಯಾನಿಕ್ ಬಗ್ಗೆ ನನಗೆ ಗೌರವ ಇದೆ. ಆದರೆ ಅವರಲ್ಲೂ ಎಷ್ಟೋ ಹುಡುಗರಿಗೆ ಬೋಲ್ಟ್ ಎಷ್ಟು ಬಿಗಿ ಮಾಡಬೇಕು ಅನ್ನುವ ಲೆಕ್ಕ ಓದೋಕೆ ಕನ್ನಡದಲ್ಲಿ ಏನೂ ಸಿಗಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ಅದರಲ್ಲಿ ವಾಹನಗಳೂ ಸೇರಿವೆ. ನಾವು ಕೊಂಡ ವಸ್ತುವನ್ನು ನಾವೇ ಅಥವಾ ನಮಗೆ ಬೇಕಾದವರ ಹತ್ತಿರ ರಿಪೇರಿ ಮಾಡಿಸೋಕೆ ಬೇಕಾದ ಮಾಹಿತಿ ಸಿಗಬೇಕು ಅನ್ನುವುದು ಅದರ ಉದ್ದೇಶ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಪಂಪ್‌ನ ಡಬ್ಬಿಯಲ್ಲಿ ನನಗೆ ಸಿಕ್ಕಿದ್ದು ಒಂದು ಪಂಪ್, ಒಂದು ಗ್ಯಾಸ್ಕೆಟ್. ಹೇಗೆ ಹಾಕಬೇಕು ಅನ್ನುವ ಒಂದು ಚೀಟಿಯೂ ಇರಲಿಲ್ಲ. ಕರ್ನಾಟಕದಲ್ಲಿ ಮಾರುವ ಡಬ್ಬಿಯಲ್ಲಿ ಒಂದು ಪುಟ ಕನ್ನಡ ಹಾಕೋಕೆ ಎಷ್ಟು ಖರ್ಚಾದೀತು?

ಕಂಪನಿಗಳು ಮಾಡುವವರೆಗೆ ಪತ್ರಿಕೆಗಳು ಮಾಡಬಹುದು. ವಾಹನ ಪುಟದಲ್ಲಿ ವಾರಕ್ಕೊಂದು ಕಾಲು ಪುಟ ರಿಪೇರಿಗೆ ಬಿಟ್ಟುಕೊಡಿ. ಯಾವ ಕಾರಿನಲ್ಲಿ ಪಂಪ್ ಹೊರಗಿದೆ, ಯಾವುದರಲ್ಲಿ ಟೈಮಿಂಗ್ ಬೆಲ್ಟ್ ಹಿಂದಿದೆ ಅನ್ನುವ ಒಂದು ಪಟ್ಟಿ ಮೊದಲು ಹಾಕಿ. ಅದನ್ನು ಅನುಭವ ಇರುವ ಮೆಕ್ಯಾನಿಕ್‌ಗಳಿಗೆ ತೋರಿಸಿ ಸರಿ ನೋಡಿಸಿ, ಅವರ ಹೆಸರಿನಲ್ಲೇ ಪ್ರಕಟಿಸಿ. ನಮ್ಮ ಕಾರಿನ ಪಂಪ್ ಬಿಚ್ಚುವಾಗ ಮೊಬೈಲ್‌ನಲ್ಲಿ ತೆಗೆದ ಫೋಟೋಗಳು ನನ್ನ ಹತ್ತಿರ ಇವೆ, ಬೇಕಾದರೆ ಕಳಿಸುತ್ತೇನೆ.

ಇತಿ,
ನಿಮ್ಮ ಓದುಗ
ತುಮಕೂರು