ಸಹಿಗೆ ಅವಸರಪಡದ ವೈದ್ಯರಿಗೆ ಮತ್ತು ಉಳಿದವರಿಗೆ

ಕಳೆದ ಸೋಮವಾರ ದೈಹಿಕ ಸಾಮರ್ಥ್ಯ ಪ್ರಮಾಣಪತ್ರವನ್ನು ಮುಖ್ಯ ಗುರುಗಳ ಕೈಗೆ ಕೊಟ್ಟು, ಕುಷ್ಟಗಿ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮರಳಿ ಕರ್ತವ್ಯಕ್ಕೆ ಹಾಜರಾದೆ. ಶ್ವಾಸಕೋಶದ ಕ್ಷಯರೋಗಕ್ಕಾಗಿ ನಾನು ರಜೆಯಲ್ಲಿದ್ದ ಸಂಗತಿ ಊರಿಗೆಲ್ಲ ತಿಳಿದೇ ಇರುವುದರಿಂದ, ಕಾಯಿಲೆಯ ಹೆಸರನ್ನು ಮುಚ್ಚಿಡದೆಯೇ ಕೃತಜ್ಞತೆ ಸಲ್ಲಿಸುವುದು ಸರಿಯೆನಿಸಿತು.

ಮೊದಲಿಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ನೆನೆಯಬೇಕು. ಅವರು ಈಗ ಸಹಿ ಹಾಕಿದ್ದಕ್ಕಿಂತ ಹೆಚ್ಚಾಗಿ, ಈ ಹಿಂದೆ ಸಹಿ ಹಾಕಲು ಒಪ್ಪದಿದ್ದುದಕ್ಕೆ ನಾನು ಋಣಿ. ಔಷಧ ಆರಂಭಿಸಿದ ಕೆಲವೇ ವಾರಗಳಲ್ಲಿ ಸಂಜೆಯ ಜ್ವರ ನಿಂತು, ಕೆಮ್ಮು ತಗ್ಗಿ, ಬಾಯಿಗೆ ರೊಟ್ಟಿ ರುಚಿಸತೊಡಗಿತ್ತು. ಸರಿಯಾದ ಔಷಧ ಸೇವಿಸುವವರಿಂದ ಸೋಂಕು ಹರಡುವ ಸಾಧ್ಯತೆ ಎರಡು ವಾರಗಳಲ್ಲೇ ಬಹುಮಟ್ಟಿಗೆ ಇಳಿಯುತ್ತದೆಂದು ಅವರೇ ಹೇಳಿದ್ದರು. ಆದರೂ ನಾನು ಕಲಿಸುವುದು ನಲಿ-ಕಲಿ ತರಗತಿಗೆ, ಅಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತಿರುತ್ತಾರೆ, ಶಿಕ್ಷಕಿಯೂ ಅವರ ನಡುವೆಯೇ ಕುಳಿತು ಕಾರ್ಡು ಹಿಡಿದು ಓದಿಸಬೇಕಾಗುತ್ತದೆ ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡ ಮೇಲೆ, ಚಿಕಿತ್ಸೆಯ ಮೊದಲ ಭಾಗವಾದ ತೀವ್ರ ಹಂತದ ಎರಡು ತಿಂಗಳು ಮುಗಿದು ಕಫದ ಪರೀಕ್ಷೆ ಆಗುವವರೆಗೆ ಕಾಯೋಣ ಎಂದರು. ರೋಗವನ್ನು ಮೊದಲು ಪತ್ತೆ ಹಚ್ಚಿದ್ದು ಟ್ರೂನಾಟ್ ಯಂತ್ರ. ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುವ ಅದರಲ್ಲೇ ಮತ್ತೊಮ್ಮೆ ನೋಡಬಾರದೇಕೆ ಎಂದು ಕೇಳಿದಾಗ, ಅದು ಸತ್ತ ರೋಗಾಣುಗಳ ವಂಶವಾಹಿಯನ್ನೂ ಗುರುತಿಸಿಬಿಡುತ್ತದೆ, ಆದ್ದರಿಂದ ಚಿಕಿತ್ಸೆ ಫಲಿಸಿದೆಯೇ ಎಂದು ತಿಳಿಯಲು ಸೂಕ್ಷ್ಮದರ್ಶಕವೇ ಬೇಕು ಎಂದು ಹೊರಗೆ ಅಷ್ಟು ದೊಡ್ಡ ಸರದಿ ಇದ್ದರೂ ಬಿಡಿಸಿ ಹೇಳಿದರು. ಅದೇ ದಿನಗಳಲ್ಲಿ, ಬೇರೆಲ್ಲಾದರೂ ಒಂದು ಪ್ರಮಾಣಪತ್ರ ಬರೆಸಿಕೊಡುತ್ತೇವೆ, ಸುಮ್ಮನೆ ರಜೆ ಏಕೆ ಕಳೆಯುತ್ತೀರಿ ಎಂದವರೂ ಇದ್ದರು. ಅವರು ಹೇಳಿದ್ದು ಕಾಳಜಿಯಿಂದಲೇ. ಆದರೆ ಅಂಥ ಕಾಗದವನ್ನು ಹಿಡಿದು ಆರು ವರ್ಷದ ಮಕ್ಕಳ ತಾಯಂದಿರ ಎದುರು ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಅಕ್ಕನವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಗಳು ಕೂಡಿದ ಗುಳಿಗೆಗಳನ್ನು ದೇಹದ ತೂಕಕ್ಕೆ ತಕ್ಕಷ್ಟು ಎಣಿಸಿ ದಿನವೂ ನುಂಗಬೇಕು. ನಾನು ನುಂಗುವವರೆಗೆ ಅವರು ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಮೂತ್ರ ಕೆಂಪಗಾಗುತ್ತದೆ, ಅದು ರಿಫಾಂಪಿಸಿನ್ನಿನ ಬಣ್ಣವೇ ಹೊರತು ರಕ್ತವಲ್ಲ ಎಂದು ಮೊದಲ ದಿನವೇ ಹೇಳಿಟ್ಟಿದ್ದರಿಂದ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಯಜಮಾನರನ್ನೂ ಅತ್ತೆಯವರನ್ನೂ ಪರೀಕ್ಷೆಗೆ ಕರೆದೊಯ್ದು, ರೋಗವಿಲ್ಲವೆಂದು ಖಚಿತವಾದ ಮೇಲೆ ಇಬ್ಬರಿಗೂ ಮುಂಜಾಗ್ರತಾ ಚಿಕಿತ್ಸೆ ಆರಂಭಿಸಿದವರೂ ಅವರೇ. ಅತ್ತೆಯವರಂತೂ, ನನ್ನ ತಟ್ಟೆ ಲೋಟ ಬೇರೆ ಇಡಬೇಕೆಂದು ಬಂಧುಗಳೊಬ್ಬರು ಸಲಹೆ ಕೊಟ್ಟಾಗ, ಕಿಟಕಿ ತೆರೆದಿಟ್ಟರೆ ಸಾಕೆಂದು ಡಾಕ್ಟರು ಹೇಳಿದ್ದಾರೆ ಎಂದು ಅಲ್ಲಿಗೇ ಮಾತು ಮುಗಿಸಿದರು.

ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಗಳ ಖಾತೆಗೆ ಪೌಷ್ಟಿಕ ಆಹಾರಕ್ಕೆಂದು ಹಣ ಜಮೆಯಾಗುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿದ್ದ ಈ ಮೊತ್ತ 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ನನಗೆ ಪರಿವರ್ತಿತ ರಜೆ, ಅಂದರೆ ಅರ್ಧ ವೇತನದ ರಜೆಯನ್ನು ಪೂರ್ಣ ವೇತನಕ್ಕೆ ಬದಲಿಸಿಕೊಂಡ ರಜೆ, ಇದ್ದುದರಿಂದ ಪೂರ್ಣ ಸಂಬಳ ಬರುತ್ತಿತ್ತು. ಮೊಟ್ಟೆ, ಶೇಂಗಾ, ಬೇಳೆಗೆ ಕೊರತೆಯಿರಲಿಲ್ಲ. ಆಸ್ಪತ್ರೆಯ ಸರದಿಯಲ್ಲಿ ನನ್ನ ಪಕ್ಕ ಕುಳಿತಿರುತ್ತಿದ್ದ ಗಾರೆ ಕೆಲಸದವರಿಗೆ ಕೂಲಿ ನಿಂತು ಹೋಗಿತ್ತು, ಮತ್ತು ಆ ಒಂದು ಸಾವಿರ ಅವರ ಕೂಲಿಯನ್ನು ತುಂಬಿಕೊಡುವಂಥದ್ದಲ್ಲ. ಕೆಲಸಕ್ಕೆ ಮರಳಲು ಅವರಿಂದ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ, ಗುಣವಾಗುವವರೆಗೆ ಕಾಯಿರಿ ಎಂದೂ ಯಾರೂ ಹೇಳುವುದಿಲ್ಲ. ರಜೆಯೆಂಬುದು ಎಷ್ಟು ದೊಡ್ಡ ಸೌಲಭ್ಯವೆಂದು ನನಗೆ ಅರಿವಾದದ್ದು ಅವರೊಡನೆ ಮಾತಾಡಿದ ಮೇಲೆಯೇ.

ಮುಖ್ಯ ಗುರುಗಳು ನನ್ನ ಒಪ್ಪಿಗೆ ಪಡೆದ ಮೇಲಷ್ಟೇ, ನಾನು ಹಾಜರಾಗುವ ಮುಂಚಿನ ಶನಿವಾರ ಪೋಷಕರ ಸಭೆ ಕರೆದು ಆರೋಗ್ಯ ಇಲಾಖೆಯ ಸಿಬ್ಬಂದಿಯನ್ನೂ ಬರಮಾಡಿಕೊಂಡಿದ್ದರು. ಎಲ್ಲರೂ ನೆಲ ನೋಡುತ್ತ ಕುಳಿತಿದ್ದಾಗ ಎರಡನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಎದ್ದು ನಿಂತು, “ಟೀಚರ್, ಸಿಟ್ಟಾಗಬ್ಯಾಡ್ರಿ, ನಮ್ ಹುಡುಗಿಗೆ ಏನರ ಆಗ್ತೈತೇನ್ರಿ?” ಎಂದು ನೇರವಾಗಿ ಕೇಳಿದರು. ಈ ರೋಗ ಗಾಳಿಯ ಮೂಲಕ ಹರಡುತ್ತದೆಯೇ ಹೊರತು ಸ್ಲೇಟು, ತಟ್ಟೆ, ಮುಟ್ಟುವಿಕೆಯಿಂದಲ್ಲ, ಕಫದಲ್ಲಿ ಈಗ ರೋಗಾಣು ಕಂಡುಬಂದಿಲ್ಲ ಎಂಬ ಉತ್ತರ ಎಲ್ಲರ ಎದುರಿಗೇ ಸಿಕ್ಕಿತು. ಬೆನ್ನ ಹಿಂದೆ ಆಡಬಹುದಾಗಿದ್ದ ಮಾತನ್ನು ಮುಖದೆದುರೇ ಕೇಳಿದ ಆ ತಾಯಿಗೆ ವಿಶೇಷವಾಗಿ ವಂದಿಸುತ್ತೇನೆ. ಸೋಮವಾರ ಆಕೆಯ ಮಗಳು ತರಗತಿಯಲ್ಲಿದ್ದಳು.

ಚಿಕಿತ್ಸೆ ಇನ್ನೂ ಮುಗಿದಿಲ್ಲ. ಮುಂದುವರಿಕೆ ಹಂತದ ನಾಲ್ಕು ತಿಂಗಳು ಮೂರು ಔಷಧಗಳ ಗುಳಿಗೆ ನುಂಗಬೇಕಿದ್ದು, ಈಗ ಶಾಲೆಗೆ ಹೊರಡುವ ಮುನ್ನವೇ ಅಕ್ಕನವರು ಬಂದು ಹೋಗುತ್ತಾರೆ.

ಕೊನೆಯದಾಗಿ, ನನ್ನ ಜಾಗದಲ್ಲಿ ದುಡಿದ ಅತಿಥಿ ಶಿಕ್ಷಕಿಯವರಿಗೆ. ಪ್ರತಿ ಮಗುವಿನ ಕಲಿಕೆ ಎಲ್ಲಿಗೆ ಬಂದು ನಿಂತಿದೆ, ಯಾರಿಗೆ ಒತ್ತಕ್ಷರ ಇನ್ನೂ ತೊಡಕಾಗಿದೆ, ಯಾರು ವಲಸೆ ಹೋದ ತಂದೆ ತಾಯಿಯೊಡನೆ ಬೆಂಗಳೂರಿಗೆ ಹೋಗಿ ಮರಳಿದ್ದಾರೆ ಎಂಬುದನ್ನೆಲ್ಲ ಅವರು ದಾಖಲೆ ಪುಸ್ತಕದಲ್ಲಿ ಹೆಸರು ಹೆಸರಾಗಿ ಬರೆದಿಟ್ಟಿದ್ದರು. ಹೀಗಾಗಿ ಮೊದಲ ದಿನವೇ ಪಾಠ ಮುಂದುವರಿಸಲು ನನಗೆ ಸಾಧ್ಯವಾಯಿತು. ಅವರಿಗೆ ಬರಬೇಕಾದ ಗೌರವಧನ ಇನ್ನೂ ಬಾಕಿಯಿದ್ದು, ಆ ಕಡತದ ಬಗ್ಗೆ ವಿಚಾರಿಸಲು ಮುಖ್ಯ ಗುರುಗಳೂ ನಾನೂ ಈ ವಾರ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಲಿದ್ದೇವೆ.