ಹೂವಿನ ಚೌಕಕ್ಕೆ ಗಂಟೆಯ ಲೆಕ್ಕದಲ್ಲಿ ಬೆಲೆ ಸಿಗಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಮಹಿಳಾ ಪುರವಣಿಯಲ್ಲಿ, ತುದಿಗೆ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಹೆಣೆಯುವ ಕ್ರೋಶಾ ಹೆಣಿಗೆಯ ಕುರಿತು, ಅದರಲ್ಲೂ ನಡುವೆ ಹೂವು ಅರಳಿಸಿ ಸುತ್ತ ಚೌಕವಾಗಿ ಹೆಣೆಯುವ ಗ್ರ್ಯಾನಿ ಸ್ಕ್ವೇರ್ ಕುರಿತು ಪ್ರಕಟವಾದ ಚಿತ್ರಲೇಖನವನ್ನು ಓದಿ ಸಂತೋಷವಾಯಿತು. ಚಿಕ್ಕಮಗಳೂರಿನ ಸುತ್ತಮುತ್ತಲಿನ ಹೆಣ್ಣುಮಕ್ಕಳಿಗೆ ಈ ಕೆಲಸವನ್ನು ವರ್ಷಗಳಿಂದ ಕಲಿಸುತ್ತಾ ಬಂದಿರುವ ನನಗೆ ಅದು ಪತ್ರಿಕೆಯಲ್ಲಿ ಇಷ್ಟು ಜಾಗ ಪಡೆದದ್ದೇ ದೊಡ್ಡ ವಿಷಯ. ಆದರೆ ಲೇಖನದ ಉದ್ದಕ್ಕೂ ಇದನ್ನು ಬಿಡುವಿನ ವೇಳೆಯ ಹವ್ಯಾಸವೆಂದೇ ಬಣ್ಣಿಸಲಾಗಿದೆ. ಈ ಮಾತಿಗೆ ನನ್ನ ತಕರಾರಿದೆ. ನಮ್ಮ ಜಿಲ್ಲೆಯಲ್ಲಿ ಹೆಣೆಯುವವರ ಕೈಗೆ ಸಿಗುತ್ತಿರುವ ಹಣ ಇಷ್ಟು ಕಡಿಮೆಯಾಗಿರುವುದಕ್ಕೆ ಈ ಭಾವನೆಯೇ ಮೂಲ ಕಾರಣ.

ಮುಳ್ಳಯ್ಯನಗಿರಿ ಮತ್ತು ಬಾಬಾಬುಡನ್‌ಗಿರಿಯ ಕಡೆ ಹೋಗುವ ಪ್ರವಾಸಿಗರಿಗೆಂದು ಇರುವ ಅಂಗಡಿಗಳಲ್ಲಿ ಕಾಫಿಪುಡಿ, ಜೇನುತುಪ್ಪ, ಏಲಕ್ಕಿಯ ಜೊತೆಗೆ ಈಗ ಹೂವಿನ ಚೌಕಗಳ ದಿಂಬಿನ ಹೊದಿಕೆ, ಶಾಲು, ಚೀಲಗಳನ್ನೂ ತೂಗುಹಾಕುತ್ತಾರೆ. ಇವನ್ನು ಹೆಣೆದವರು ಹೆಚ್ಚಿನಂಶ ಇಲ್ಲಿನ ಮನೆಗಳಲ್ಲಿ ಇರುವ ಹೆಂಗಸರೇ. ತಂದುಕೊಟ್ಟಾಗ ಅವರಿಗೆ ಎದುರಾಗುವ ಪ್ರಶ್ನೆ ‘ಉಲ್ಲನ್ ಎಷ್ಟು ಹಿಡಿಯಿತು’ ಎಂಬುದೊಂದೇ. ದಾರದ ಬೆಲೆಗೆ ಒಂದಿಷ್ಟು ಸೇರಿಸಿ ಕೊಟ್ಟರೆ ವ್ಯವಹಾರ ಮುಗಿಯಿತು. ಅದೇ ಹೆಂಗಸರು ಅದೇ ಕಡ್ಡಿಯಿಂದ ಸೀರೆಗೆ ಕ್ರೋಶಾ ಕುಚ್ಚು ಹಾಕಿದಾಗ ಲೆಕ್ಕ ಬೇರೆಯಾಗುತ್ತದೆ. ಒಂದು ಸಾಲಿಗೆ ಇಷ್ಟು, ಎರಡು ಸಾಲಿಗೆ ಇಷ್ಟು, ಮಣಿ ಸೇರಿಸಿದರೆ ಇಷ್ಟು ಎಂದು ದರ ಮೊದಲೇ ಗೊತ್ತಾಗಿರುತ್ತದೆ. ಕುಚ್ಚಿಗೆ ಎಷ್ಟು ಗ್ರಾಂ ರೇಷ್ಮೆ ದಾರ ಹೋಯಿತು ಎಂದು ಯಾರೂ ತೂಗಿ ನೋಡುವುದಿಲ್ಲ. ಕುಚ್ಚಿಗೆ ದುಡಿಮೆಯ ಬೆಲೆ ಇರುವಾಗ ಚೌಕಕ್ಕೆ ಬರೀ ದಾರದ ಬೆಲೆ ಕಟ್ಟುವುದು ಯಾವ ನ್ಯಾಯ?

ಒಂದು ಚೌಕದಲ್ಲಿ ಎಷ್ಟು ಕೆಲಸವಿದೆ ಎಂಬುದು ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಾಮಾನ್ಯವಾಗಿ ಹೂವಿಗೆ ಎಂಟು ಎಸಳು ಇಡುತ್ತಾರೆ. ಎಂಟನ್ನು ನಾಲ್ಕು ಮೂಲೆಗೆ ಹಂಚುವುದು ಸುಲಭ. ನಮ್ಮಲ್ಲಿ ಕಲಿತ ಕೆಲವರು ಗುಲಾಬಿ, ಸೇವಂತಿಗೆ ಬಿಟ್ಟು ನಮ್ಮ ನೆಲದ ಕಾಫಿ ಹೂವನ್ನೇ ಹೆಣೆಯಬೇಕೆಂದು ಹಟ ಹಿಡಿದರು. ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ತೋಟವಿಡೀ ಬೆಳ್ಳಗಾಗುವ ಆ ಅರೇಬಿಕಾ ಹೂವಿಗೆ ಇರುವುದು ಐದು ಎಸಳು, ಚೌಕಕ್ಕೆ ಇರುವುದು ನಾಲ್ಕು ಮೂಲೆ. ಇದನ್ನು ಅವರು ಬಗೆಹರಿಸಿಕೊಂಡ ರೀತಿ ಹೀಗಿದೆ. ಮೊದಲು ಐದು ಚೈನು (ಸರಪಳಿಯಂತೆ ಒಂದರೊಳಗೊಂದು ಎಳೆದ ಕುಣಿಕೆ) ಹಾಕಿ ಉಂಗುರ ಮಾಡಿ, ಅದರೊಳಗೆ ಹತ್ತು ಸಿಂಗಲ್ ಕ್ರೋಶಾ ತುಂಬುತ್ತಾರೆ (ಸಿಂಗಲ್ ಗಿಡ್ಡ ಹೆಣಿಗೆ, ಹಾಫ್ ಡಬಲ್ ಅದಕ್ಕಿಂತ ಎತ್ತರ, ಡಬಲ್ ಇನ್ನೂ ಎತ್ತರ). ಒಂದು ಬಿಟ್ಟು ಒಂದರಲ್ಲಿ ಮೂರು ಮೂರು ಚೈನಿನ ಕುಣಿಕೆ ಹಾಕಿದರೆ ಐದು ಕುಣಿಕೆಗಳಾಗುತ್ತವೆ. ಪ್ರತಿ ಕುಣಿಕೆಯಲ್ಲೂ ಒಂದು ಸಿಂಗಲ್, ಒಂದು ಹಾಫ್ ಡಬಲ್, ಮೂರು ಡಬಲ್, ಮತ್ತೆ ಒಂದು ಹಾಫ್ ಡಬಲ್, ಒಂದು ಸಿಂಗಲ್ ಹಾಕಿ, ನಡುವಿನ ಡಬಲ್‌ನ ತಲೆಯ ಮೇಲೆ ಪುಟ್ಟ ಚೂಪು ಕೊಟ್ಟರೆ ಕಾಫಿ ಹೂವಿನ ಸಪೂರ ಎಸಳಿನ ಹೋಲಿಕೆ ಬರುತ್ತದೆ. ಆಮೇಲೆ ಎಸಳುಗಳನ್ನು ತಮ್ಮ ಕಡೆಗೆ ಬಗ್ಗಿಸಿಕೊಂಡು, ಹಸಿರು ದಾರ ಹಿಡಿದು, ಹೂವಿನ ಬೆನ್ನಲ್ಲಿ ಎಸಳಿಗೊಂದರಂತೆ ಮತ್ತೆ ಐದು ಕುಣಿಕೆ ಹಾಕಬೇಕು. ಆ ಒಂದೊಂದರಲ್ಲೂ ನಾಲ್ಕು ಡಬಲ್ ಕ್ರೋಶಾ ಹಾಕಿದರೆ ಒಟ್ಟು ಇಪ್ಪತ್ತು. ಇಪ್ಪತ್ತು ಐದರಿಂದಲೂ ಭಾಗವಾಗುತ್ತದೆ, ನಾಲ್ಕರಿಂದಲೂ ಭಾಗವಾಗುತ್ತದೆ. ಮುಂದಿನ ಸುತ್ತಿನಲ್ಲಿ ಪ್ರತಿ ಐದನೆಯದರಲ್ಲಿ ಎರಡು ಡಬಲ್, ಎರಡು ಚೈನು, ಎರಡು ಡಬಲ್ ಸೇರಿಸಿ ಹಾಕುತ್ತಲೇ ಅದುವರೆಗೆ ದುಂಡಗಿದ್ದ ಹೆಣಿಗೆಗೆ ನಾಲ್ಕು ಮೂಲೆ ಬಂದು ನಿಲ್ಲುತ್ತವೆ. ಹತ್ತನೇ ತರಗತಿಗೆ ಶಾಲೆ ಬಿಟ್ಟ ಹೆಣ್ಣುಮಗಳು ಕಾಗದ, ಪೆನ್ನು ಇಲ್ಲದೆ ಬಿಡಿಸಿದ ಲೆಕ್ಕವಿದು. ಇಂಥ ಯೋಚನೆಗೂ ಒಂದು ಬೆಲೆ ಇದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ಹೊತ್ತಿನ ವಿಷಯ. ಆರು ಇಂಚಿನ ಒಂದು ಹೂವಿನ ಚೌಕಕ್ಕೆ ಪಳಗಿದ ಕೈಗೂ ಅರ್ಧ ಗಂಟೆ ಬೇಕು. ನಾಲ್ಕು ಅಡಿ ಅಗಲ, ಐದು ಅಡಿ ಉದ್ದದ ಹೊದಿಕೆಗೆ ಇಂಥ 80 ಚೌಕಗಳು ಬೇಕಾಗುತ್ತವೆ; ಅಂದರೆ ಹೆಣಿಗೆಗೇ 40 ಗಂಟೆ. ಹೂವಿಗೆ ಬಿಳಿ, ಸುತ್ತಿಗೆ ಹಸಿರು, ಅಂಚಿಗೆ ಇನ್ನೊಂದು ಎಂದು ಮೂರು ಬಣ್ಣ ಬಳಸಿದರೆ ಪ್ರತಿ ಚೌಕದಲ್ಲೂ ಆರು ದಾರದ ತುದಿಗಳು ಉಳಿಯುತ್ತವೆ. 80 ಚೌಕಗಳಿಗೆ 480 ತುದಿಗಳು. ಒಂದೊಂದನ್ನೂ ಸೂಜಿಗೆ ಪೋಣಿಸಿ, ಬೆನ್ನ ಕಡೆಯಿಂದ ಒಮ್ಮೆ ಹಾಗೆ, ಒಮ್ಮೆ ಹೀಗೆ ತೂರಿಸಿ ಮುಚ್ಚದಿದ್ದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಹೂವು ಸಡಿಲವಾಗುತ್ತದೆ. ತುದಿಗೊಂದು ನಿಮಿಷವೆಂದರೂ ಅದಕ್ಕೇ ಎಂಟು ಗಂಟೆ. ಚೌಕಗಳನ್ನು ಜೋಡಿಸಿ ಸುತ್ತ ಅಂಚು ಕಟ್ಟಲು ಇನ್ನೊಂದು ಹತ್ತು ಗಂಟೆ ಬೇಕೇ ಬೇಕು. ಎಂಟು ಗಂಟೆಯ ಕೆಲಸದ ದಿನವೆಂದು ಲೆಕ್ಕ ಹಾಕಿದರೆ ಒಂದು ಹೊದಿಕೆ ಏಳು ದಿನವನ್ನು ಮೀರುತ್ತದೆ. ತೋಟದಲ್ಲಿ ಏಳು ದಿನ ಕಾಫಿ ಹಣ್ಣು ಕೊಯ್ದವರಿಗೆ ಬಟವಾಡೆಯ ದಿನ ಹಾಜರಿ ನೋಡಿ ಲೆಕ್ಕ ಚುಕ್ತಾ ಮಾಡುತ್ತಾರೆ. ಹೆಣೆದವರಿಗೆ ಹಾಜರಿಯೂ ಇಲ್ಲ, ಬಟವಾಡೆಯೂ ಇಲ್ಲ. ಕೊಳ್ಳುವವರಲ್ಲಿ ನನ್ನದೊಂದು ವಿನಂತಿ: ಹೊದಿಕೆಯನ್ನು ಮಗುಚಿ ಅದರ ಬೆನ್ನು ನೋಡಿ. ತುದಿಗಳು ಎಲ್ಲಿವೆ ಎಂದು ಹುಡುಕಿದರೂ ಸಿಗದಿದ್ದರೆ ಅದು ಒಳ್ಳೆಯ ಕೈಯ ಕೆಲಸ.

ಇಷ್ಟು ಗಂಟೆಗಳು ಲೆಕ್ಕಕ್ಕೆ ಬಾರದೆ ಹೋಗುವುದಕ್ಕೆ ಕಾರಣ ಕ್ರೋಶಾದ ಗುಣದಲ್ಲಿಯೇ ಇದೆ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಸಾಲಿಗೆ ಸಾಲೇ ಕಡ್ಡಿಯ ಮೇಲಿರುತ್ತದೆ. ಒಂದು ಮನೆ, ಅಂದರೆ ಕುಣಿಕೆ, ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಇರುವುದು ಒಂದೇ ಕುಣಿಕೆ. ಹಾಲು ಉಕ್ಕಿದರೂ, ಮಗು ಎದ್ದರೂ, ಬಾಗಿಲಲ್ಲಿ ಯಾರಾದರೂ ಕೂಗಿದರೂ ಅದನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗಬಹುದು, ಬಂದು ಅಲ್ಲಿಂದಲೇ ಮುಂದುವರಿಸಬಹುದು. ಮನೆಗೆಲಸದ ಸಂದುಗಳಲ್ಲಿ ಹೀಗೆ ಹಂಚಿಹೋಗುವ ದುಡಿಮೆ ಮನೆಯವರ ಕಣ್ಣಿಗೂ ದುಡಿಮೆಯಾಗಿ ಕಾಣುವುದಿಲ್ಲ, ಅಂಗಡಿಯವರ ಕಣ್ಣಿಗೂ ಕಾಣುವುದಿಲ್ಲ, ಎಷ್ಟೋ ಸಲ ಹೆಣೆಯುವವರೇ ಅದನ್ನು ದುಡಿಮೆ ಎನ್ನಲು ಸಂಕೋಚಪಡುತ್ತಾರೆ. ಹಾಗೆಂದು ಇದನ್ನು ಕಾರ್ಖಾನೆಗೆ ವಹಿಸಿ ಅಗ್ಗಗೊಳಿಸಲೂ ಬರುವುದಿಲ್ಲ. ಮಾರುಕಟ್ಟೆಯಲ್ಲಿ ಕ್ರೋಶಾ ಎಂದು ಮಾರುವ ಯಂತ್ರದ ಲೇಸು ಬೇರೆ ಬಗೆಯ ಹೆಣಿಗೆ; ಕುಣಿಕೆಯೊಳಗೆ ಕುಣಿಕೆ ಎಳೆದು, ಬೇಕಾದ ಜಾಗದಲ್ಲಿ ಕಡ್ಡಿ ತೂರಿಸಿ ಮಾಡುವ ನಿಜವಾದ ಕ್ರೋಶಾವನ್ನು ಹೆಣೆಯುವ ಯಂತ್ರ ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ದೊಡ್ಡ ನಗರದ ಮಳಿಗೆಯಲ್ಲಿ ಮುನ್ನೂರು ರೂಪಾಯಿಗೆ ಇಂಥ ಹೂವಿನ ಚೌಕಗಳ ಅಂಗಿ ಸಿಕ್ಕಿತೆಂದರೆ, ಎಲ್ಲಿಯೋ ಯಾರದೋ ಕೈಗೆ ಕೂಲಿ ಸಿಗಲಿಲ್ಲವೆಂದೇ ಅರ್ಥ.

ಕ್ರೋಶಾ ಹೊಟ್ಟೆಪಾಡಿನ ಕೆಲಸವೂ ಆಗಿತ್ತೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಭೀಕರ ಕ್ಷಾಮ ಬಂದಾಗ ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಬಡ ಕುಟುಂಬಗಳಿಗೆ ಕ್ರೋಶಾ ಕಲಿಸಿದರು. ಎಸಳಿನ ಹಿಂದೆ ಎಸಳು ಬರುವ ಗುಲಾಬಿಯ ಮಾದರಿ ಆ ಐರಿಶ್ ಲೇಸಿನ ಗುರುತಾಯಿತು. ಎಸಳಿನ ಬೆನ್ನಲ್ಲಿ ಕುಣಿಕೆ ಹಾಕುವ ಉಪಾಯವನ್ನು ನಾವು ಇಂದಿಗೂ ಬಳಸುತ್ತೇವೆ. ಗ್ರ್ಯಾನಿ ಸ್ಕ್ವೇರಿನ ಮಾದರಿ 1885ರಲ್ಲಿ ಅಮೆರಿಕದ ‘ಪ್ರೈರಿ ಫಾರ್ಮರ್’ ಎಂಬ ರೈತರ ಪತ್ರಿಕೆಯಲ್ಲಿ ಅಚ್ಚಾಯಿತು. ನಮಗೆ ಹತ್ತಿರದ ಉದಾಹರಣೆ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ. ಅಲ್ಲಿಗೆ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಬಂದ ಕ್ರೋಶಾ ಲೇಸು ದೇಶದ ಹೊರಗೂ ಮಾರಾಟವಾಗುವ ಸರಕಾಯಿತು. ಅಲ್ಲಿನ ಹೆಂಗಸರನ್ನು ಅಧ್ಯಯನ ಮಾಡಿದ ಜರ್ಮನ್ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್, ದಿನದ ಬಹುಭಾಗ ಲೇಸು ಹೆಣೆಯುವವರನ್ನು ವ್ಯಾಪಾರಿಗಳು ಕೆಲಸಗಾರರೆಂದು ಪರಿಗಣಿಸದೆ ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರೆಂದು ಕರೆದು ಕೂಲಿಯನ್ನು ಕೆಳಮಟ್ಟದಲ್ಲೇ ಇರಿಸಿದ್ದನ್ನು 1982ರಷ್ಟು ಹಿಂದೆಯೇ ವಿವರಿಸಿದ್ದರು. ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು 2024ರಲ್ಲಿ. ಹೆಸರು ಸಿಗಲು ಅಷ್ಟು ಕಾಲ ಹಿಡಿಯಿತು. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಇನ್ನೂ ಎಳೆಯದಾಗಿರುವಾಗಲೇ ಲೆಕ್ಕ ಸರಿಯಾಗಿ ಆರಂಭವಾಗಲಿ ಎಂಬುದು ನನ್ನ ಕಳಕಳಿ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಸ್ತ್ರೀಶಕ್ತಿ ಸಂಘಗಳು ಮತ್ತು ಸಂಜೀವಿನಿ ಒಕ್ಕೂಟಗಳು ಜಿಲ್ಲಾ ಮೇಳಗಳಲ್ಲಿ ಮಳಿಗೆ ಹಾಕುವಾಗ ಪ್ರತಿ ವಸ್ತುವಿನ ಚೀಟಿಯ ಮೇಲೆ ದಾರ ಯಾವುದು, ಎಷ್ಟು ಗಂಟೆಯ ಕೆಲಸ ಎಂಬ ಎರಡು ಸಾಲು ಬರೆಯುವ ಪದ್ಧತಿ ತರಲಿ. ದಾರದ ಹೆಸರು ಬರೆಯುವುದರಿಂದ ಇನ್ನೊಂದು ಪ್ರಯೋಜನವೂ ಇದೆ: ನಮ್ಮ ಮಳೆಗಾಲದ ತೇವಕ್ಕೆ ಅಕ್ರಿಲಿಕ್ ಬೇಗ ಒಣಗುತ್ತದೆಯಾದರೂ ಒಲೆಯ ಹತ್ತಿರ ಇಟ್ಟರೆ ಕರಗುತ್ತದೆ, ಬಿಸಿ ಇಸ್ತ್ರಿ ತಗುಲಿದರೆ ಎಸಳೆಲ್ಲ ಚಪ್ಪಟೆಯಾಗುತ್ತದೆ, ಕೊಂಡವರಿಗೆ ಇದು ತಿಳಿದಿರಬೇಕು. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಹೆಸರಿಸಿದ 18 ಕಸುಬುಗಳಲ್ಲಿ ಹೂಮಾಲೆ ಕಟ್ಟುವವರು, ದರ್ಜಿಗಳು, ಮೀನಿನ ಬಲೆ ಹೆಣೆಯುವವರು ಇದ್ದಾರೆ, ಕ್ರೋಶಾ ಹೆಣೆಯುವವರಿಲ್ಲ. ಆದರೆ ದೇಶದ ಕರಕುಶಲ ರಫ್ತಿನ ಅಂಕಿಅಂಶಗಳಲ್ಲಿ ಕಸೂತಿ ಮತ್ತು ಕ್ರೋಶಾ ವಸ್ತುಗಳಿಗೆಂದೇ ಒಂದು ವರ್ಗವಿದೆ. ರಫ್ತಿಗೆ ಲೆಕ್ಕವಿರುವ ಕೆಲಸಕ್ಕೆ ಮಾಡುವವರ ಲೆಕ್ಕವೂ ಇರಬೇಕಲ್ಲವೇ? ಕೇಂದ್ರ ಜವಳಿ ಸಚಿವಾಲಯ ಕರಕುಶಲಕರ್ಮಿಗಳಿಗೆ ನೀಡುವ ‘ಪೆಹಚಾನ್’ ಗುರುತಿನ ಚೀಟಿಗೆ ಅರ್ಜಿ ಹಾಕಿಸುವ ಶಿಬಿರವನ್ನು ಜಿಲ್ಲಾಡಳಿತ ಚಿಕ್ಕಮಗಳೂರಿನಲ್ಲಿಯೂ ಮೂಡಿಗೆರೆ, ಕೊಪ್ಪದಂಥ ಊರುಗಳಲ್ಲಿಯೂ ನಡೆಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ.

ಕೊನೆಯದಾಗಿ ತಮ್ಮಲ್ಲಿಯೂ ಒಂದು ಮನವಿ. ಪುರವಣಿಯಲ್ಲಿ ಇನ್ನು ಮುಂದೆ ಕ್ರೋಶಾ ಮಾದರಿ ಪ್ರಕಟಿಸುವಾಗ ದಾರದ ತೂಕ, ಕಡ್ಡಿಯ ಅಳತೆಯ ಪಕ್ಕದಲ್ಲಿಯೇ ತಗಲುವ ಗಂಟೆಗಳನ್ನೂ ಮುದ್ರಿಸಿ. ಅಂಗಡಿಯವರ ಮುಂದೆ ದರ ಹೇಳುವಾಗ ಆ ಪುಟವನ್ನು ತೋರಿಸಲು ನಮ್ಮ ಹೆಣ್ಣುಮಕ್ಕಳಿಗೆ ಅನುಕೂಲವಾಗುತ್ತದೆ.

ವಂದನೆಗಳೊಂದಿಗೆ,
ಕ್ರೋಶಾ ಕಲಿಸುವ ತಮ್ಮ ಓದುಗರೊಬ್ಬರು,
ಚಿಕ್ಕಮಗಳೂರು